ಸೆಟ್ ಆಗ್ತದೆ

ಏಳು ಸಾವಿರದ ಎಂಟುನೂರು ಎಣಿಸಿ ಕೊಟ್ಟು
ನೀಲಿ ಸೈಕಲನ್ನು ಬಂದರಿನ ತನಕ ತಳ್ಳಿಕೊಂಡೇ ಬಂದೆ.
ಸೀಟಿನ ಪ್ಲಾಸ್ಟಿಕ್ ತೆಗೆಯಲು ಮಿಸ್ರಿಯಾ ಬಿಡಲಿಲ್ಲ.
ಫೆರಿಯಲ್ಲಿ ಬೆಂಗರೆಗೆ ದಾಟುವಾಗ
ಮೀನಿನ ಬುಟ್ಟಿಗಳ ನಡುವೆ
ನೆಂಟರ ಮಗುವನ್ನು ಹಿಡಿದ ಹಾಗೆ ಅದನ್ನು ಹಿಡಿದು ನಿಂತಿದ್ದಳು.

ಕಟಕ್ ಅನ್ನುತ್ತಿತ್ತು. ಪೆಡಲಿನ ಸುತ್ತಿಗೊಂದು ಕಟಕ್.
ಫೋನು ಮಾಡಿದೆ. ಅಂಗಡಿಯ ಧಣಿಗಳು ನಕ್ಕರು:
"ಹೊಸತಲ್ವಾ ಮಾರಾಯ್ರೆ, ಓಡಿದ ಹಾಗೆ ಸೆಟ್ ಆಗ್ತದೆ."

ನಾನು ಧಕ್ಕೆಯಲ್ಲಿ ಬೋಟಿನ ಎಂಜಿನ್ ಬಿಚ್ಚುವವ.
ಇಪ್ಪತ್ತಾರು ವರ್ಷ. ಕಿವಿ ಇಟ್ಟರೆ ಸಾಕು,
ಯಾವ ಬೇರಿಂಗ್ ಒಣಗಿದೆ,
ಯಾವ ವಾಲ್ವ್ ಸುಳ್ಳು ಹೇಳುತ್ತಿದೆ, ಗೊತ್ತಾಗುತ್ತದೆ.
ಆದರೂ ನಂಬಿದೆ.
ಮನೆ ಮುಟ್ಟಿದ ಮೇಲೆ ಮತ್ತೆ ಸ್ಪ್ಯಾನರ್ ಹಿಡಿಯಲು ಬೇಜಾರು.
ಇದೊಂದನ್ನು ಹೆಂಡತಿಗೆ ಇನ್ನೂ ಹೇಳಿಲ್ಲ.

ಮೊದಲ ಫ್ರೀ ಸರ್ವಿಸಿಗೆ ಕೊಂಡುಹೋದಾಗ
ಸೀಮೆಎಣ್ಣೆ ಬಟ್ಟೆಯಲ್ಲಿ ಚೈನು ಒರೆಸಿದರು,
ಬೆಲ್ಲು ಎರಡು ಸಲ ಬಾರಿಸಿ ನೋಡಿದರು,
ಕಾರ್ಡಿಗೆ ಸೀಲು ಗುದ್ದಿದರು.
ಇಡೀ ಸೈಕಲಿನಲ್ಲಿ ಗಟ್ಟಿಯಾಗಿ ಕೂತದ್ದು
ಆ ಸೀಲು ಮಾತ್ರ.

ಬಾವುಟಗುಡ್ಡೆಯ ಇಳಿಜಾರು, ಟ್ಯೂಷನ್ ಬಿಟ್ಟು ಬರುವ ಹೊತ್ತು,
ಎಡಗಾಲಿನ ಕೆಳಗಿದ್ದ ಪೆಡಲು ಇಲ್ಲವಾಯಿತು.
ಬ್ರೇಕು ಹಿಡಿದಳಂತೆ.
ಬ್ರೇಕಿನ ರಬ್ಬರು ರಿಮ್ಮು ಬಿಟ್ಟು ಟಯರನ್ನು ತಿನ್ನುತ್ತಿತ್ತು.
ಗಲ್ಲಕ್ಕೆ ಮೂರು ಹೊಲಿಗೆ. ಮೊಣಕೈಯ ಚರ್ಮ ರಸ್ತೆಗೆ.
ಉರುಳಿ ಹೋದ ಪೆಡಲನ್ನು ಹುಡುಕಿ ತಂದವನು
ಬೊಂಡದ ಗಾಡಿಯ ಬೊನಿಫಾಸ್.
ವೆನ್‌ಲಾಕಿನ ಬೆಂಚಿನಲ್ಲಿ ಕೂತು ಅವಳು ಕೇಳಿದ್ದು ಒಂದೇ:
"ಬಾಪಾ, ಸೈಕಲಿಗೆ ಏನಾದರೂ ಆಯಿತಾ?"

ರಾತ್ರಿ ಜಗಲಿಯಲ್ಲಿ ಗೋಣಿ ಹಾಸಿ ಅದನ್ನು ತಲೆಕೆಳಗೆ ನಿಲ್ಲಿಸಿದೆ.
ಎಡದ ಪೆಡಲನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ
ಸುತ್ತಿಗೆಯ ಸಾಕ್ಷಿಯಲ್ಲಿ ಮದುವೆ ಮಾಡಿಸಿದ್ದರು.
ಕ್ರ್ಯಾಂಕಿನ ಥ್ರೆಡ್ಡು ತೆಂಗಿನ ತುರಿಯ ಹಾಗೆ ಪುಡಿ.
ಹಬ್ಬಿನೊಳಗೆ ಗ್ರೀಸು,
ಕನ್ನಡಕ ಹಾಕಿ ಹುಡುಕಿದರೂ ಇಲ್ಲ.
ಮುಂದಿನ ಚಕ್ರದ ಎರಡೂ ನಟ್ಟು
ಬೆರಳಿನಲ್ಲೇ ಬಿಚ್ಚಿಕೊಂಡು ಬಂದವು.

ಅವನ್ನು ಅಂಗೈಯಲ್ಲಿ ಇಟ್ಟುಕೊಂಡು
ಎಷ್ಟು ಹೊತ್ತು ಕೂತೆನೋ.

ಬೆಳಿಗ್ಗೆ ಜಗಳಕ್ಕೆ ಹೊರಟೆ.
ಬೈಗುಳಗಳನ್ನು ಫೆರಿಯಲ್ಲೇ ಜೋಡಿಸಿಕೊಂಡಿದ್ದೆ,
ಒಂದೊಂದನ್ನೂ ಬಿಗಿಯಾಗಿ.
ಧಣಿಗಳು ಇರಲಿಲ್ಲ.
ಅಂಗಡಿಯ ಹಿಂದೆ ರಟ್ಟಿನ ಪೆಟ್ಟಿಗೆಗಳ ನಡುವೆ
ಸುಕೇಶ ಅಂತ ಒಬ್ಬ ಹುಡುಗ,
ಮೀಸೆ ಇನ್ನೂ ಸೆಟ್ ಆಗದವ.
ಹೋದ ತಿಂಗಳ ತನಕ ಐಸ್ ಫ್ಯಾಕ್ಟರಿಯಲ್ಲಿದ್ದನಂತೆ.
ಸೈಕಲಿಗೆ ನಲವತ್ತು ರೂಪಾಯಿ, ದಿನಕ್ಕೆ ಹತ್ತು ಆಗಲೇಬೇಕು.
ಹತ್ತಕ್ಕೂ ಒಂದೇ ಸ್ಪ್ಯಾನರು, ಬಾಯಿ ಸವೆದದ್ದು.

ಪೆಡಲು ತೋರಿಸಿದೆ.
"ಎಲ್ಲಾ ನಟ್ಟೂ ಬಲಕ್ಕೇ ಅಲ್ವಾ ಬಿಗಿ ಆಗುದು?" ಅಂದ.
ತಮಾಷೆಗಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ.
ಎಡದ ಪೆಡಲು ಉಲ್ಟಾ ಥ್ರೆಡ್ಡು,
ತುದಿಯಲ್ಲಿ ಗುರುತಿಗೆ ಒಂದು ಅಕ್ಷರ ಕೊರೆದಿರುತ್ತದೆ.
ಅದನ್ನು ಅವನು ಉಗುರಿನಿಂದ ಮುಟ್ಟಿ ನೋಡಿದ,
ಕುರುಡರು ಮುಖ ಮುಟ್ಟಿ ನೋಡುವ ಹಾಗೆ.
ಆಮೇಲೆ ಗೋಡೆಗೆ ಒರಗಿಸಿದ್ದ
ಆರು ಹೊಸ ಸೈಕಲುಗಳ ಕಡೆ ನೋಡಿದ.
ನಾನೂ ನೋಡಿದೆ.

ಅರ್ಧ ಬೈದೆ.
ಇನ್ನರ್ಧ ಧಣಿಗಳಿಗೆ ಬಾಕಿ ಉಂಟು.

ಮಧ್ಯಾಹ್ನ ಧಕ್ಕೆಯಲ್ಲಿ ಬೋಟಿನವರು ಕಾಯುತ್ತಿದ್ದರು.
ರಾತ್ರಿ ಹೊರಡಬೇಕು, ಹತ್ತು ದಿನದ ಪ್ರಯಾಣ, ಎಂಟು ಜನ,
ಐಸು ತುಂಬಿಸಿ ಆಗಿದೆ.
ಎಂಜಿನ್ ಚಾಲು ಮಾಡಿದೆವು.
"ಏನೋ ಸಣ್ಣ ಸದ್ದು ಉಂಟಲ್ಲ ಹಸನಬ್ಬ?"
"ಹೊಸ ಬುಶ್ ಅಲ್ವಾ," ಅಂದೆ, "ಓಡಿದ ಹಾಗೆ..."

ಅಷ್ಟರಲ್ಲಿ ನನಗೇ ಕೇಳಿಸಿತು.

"ನಿಲ್ಲಿಸಿ," ಅಂದೆ.
ಕೈ ಒರೆಸಿಕೊಂಡು, ಎಣ್ಣೆ ನೀರಿನಲ್ಲಿ ಮಂಡಿಯೂರಿ,
ಹದಿನೇಳರ ಸ್ಪ್ಯಾನರು ಎಲ್ಲಿ ಬಿತ್ತು ಅಂತ
ಹುಡುಕತೊಡಗಿದೆ.