ಗೋಡೆಯ ಲೆಕ್ಕ

ಹಳೆಯದರ ಮೈಯಲ್ಲಿ ನಾಲ್ಕು ದೀಪ.
ಮೂರನೆಯದು ಕೆಂಪಾದರೆ
ಇಡೀ ಬೀದಿಯಲ್ಲಿ ಎರಡೇ ಮನೆಗೆ ಕತ್ತಲು.
ಇಪ್ಪತ್ತನೇ ತಾರೀಖು, ರಾತ್ರಿ ಒಂಬತ್ತೂವರೆ,
ಹನ್ನೊಂದು ರೀಲರುಗಳ ರಿಟರ್ನು ಬಾಕಿ,
ಪರದೆಯ ಮೇಲೆ ಚಕ್ರ ಸುತ್ತುತ್ತದೆ, ಸುತ್ತುತ್ತದೆ.
ರಾಟೆಯಾದರೆ ಸುತ್ತಿದ್ದಕ್ಕೆ ನೂಲಾದರೂ ಸಿಗುತ್ತಿತ್ತು.

ಆಫ್ ಮಾಡಿ ಆನ್ ಮಾಡಿದೆ.
ತಲೆಯ ಮೇಲೆ ಮೊಟಕಿದೆ.
ಒದ್ದೆ ಬಟ್ಟೆ ಸುತ್ತಿದರೆ ಸರಿಹೋಗುತ್ತೆ ಅಂದರು ಒಬ್ಬರು,
ಯಾರೆಂದು ಹೇಳುವುದಿಲ್ಲ, ಮನೆಯವರೇ.
ಕೇಬಲ್ಲಿನ ಅಮರೇಶ ಬಂದ, ಕಂಬ ಹತ್ತಿದ, ಇಳಿದ,
ವೈರನ್ನು ಸೀದಾ ನನ್ನ ಲ್ಯಾಪ್‌ಟಾಪಿಗೇ ಚುಚ್ಚಿ
ಒಂದು ಲೋಟ ಕಾಫಿ ಮುಗಿಯುವ ತನಕ ಕೂತ.
ಒಂದು ಸಲವೂ ಕಡಿಯಲಿಲ್ಲ.
"ಲೈನು ಚೆನ್ನಾಗೈತೆ ಅಕ್ಕ, ಪೆಟ್ಟಿಗೆಗೇ ವಯಸ್ಸಾಗೈತೆ."

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಅಂಗಡಿಯಲ್ಲಿ
ಅಂಗಾತ ಬಿದ್ದ ಕರಿ ಜೀರುಂಡೆಗಳ ಹಾಗೆ ಸಾಲಾಗಿ
ನಾಲ್ಕು ಕೊಂಬಿನದು, ಆರು ಕೊಂಬಿನದು,
ಕೊಂಬೇ ಇಲ್ಲದೆ ಹೂದಾನಿಯಂತೆ ನಿಂತದ್ದು.
ಲೋಹಿತ್ ಡಬ್ಬದ ಮೇಲಿನ ಅಂಕಿಗಳನ್ನು
ಮದುವೆ ಗಂಡಿನ ಸಂಬಳ ಹೇಳಿದಂತೆ ಓದಿದ.
ಅರ್ಧ ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

"ಇದು ತಗೊಳ್ಳಿ ಮೇಡಂ. ಇದರ ಐದು ಗಿಗಾ, ಕುದುರೆ.
ಎರಡು ಪಾಯಿಂಟ್ ನಾಲ್ಕೂ ಇರ್ತದೆ, ಅದು ಬಿಡಿ, ಎತ್ತು."
"ಗೋಡೆ ದಾಟೋದು ಯಾವುದು?"
"ಗೋಡೆ ಯಾಕೆ ದಾಟಬೇಕು? ಇರೋದು ನಿಮ್ಮನೇಲಿ ತಾನೇ?"

ಶಿಡ್ಲಘಟ್ಟದಲ್ಲಿ ನಮಗೂ ಖೈರುನ್ನೀಸಾಗೂ ಒಂದೇ ಗೋಡೆ,
ಒಂದೂವರೆ ಅಡಿ, ಕಲ್ಲು ಮಣ್ಣು.
ಆ ಕಡೆ ಗೂಡು ಬೇಯುವ ವಾಸನೆ,
ಈ ಕಡೆ ನನ್ನ ಕಡತಗಳು, ಅವಕ್ಕೂ ಅದೇ ವಾಸನೆ.
ಬಿಲ್ಲಿನಲ್ಲಿ ಅರ್ಧ ಅವಳದು,
ತಿಂಗಳ ಒಂದಕ್ಕೆ, ತೇವದ ನೋಟುಗಳಲ್ಲಿ.
ಪಾಸ್‌ವರ್ಡಿನಲ್ಲೂ ಅರ್ಧ ಅವಳದು:
ನನ್ನ ಬೆಕ್ಕಿನ ಹೆಸರು, ಅವಳ ಆಡಿನ ಹೆಸರು.
ಬೆಕ್ಕು ಸತ್ತಿತು, ಆಡು ಮಾರಿಹೋಯಿತು. ಬದಲಿಸಿಲ್ಲ.

ಹೋದ ಬೇಸಿಗೆ ಚರಂಡಿಯ ವಿಷಯಕ್ಕೆ
ಮೂರು ವಾರ ಮಾತು ಬಿಟ್ಟಿದ್ದೆವು.
ನಾನು ಪೆಟ್ಟಿಗೆ ಆರಿಸಲಿಲ್ಲ, ಅವಳು ದುಡ್ಡು ನಿಲ್ಲಿಸಲಿಲ್ಲ.
ನಮ್ಮಿಬ್ಬರ ನಡುವೆ ಆಗ ಓಡಾಡುತ್ತಿದ್ದದ್ದು
ಕಣ್ಣಿಗೆ ಕಾಣದ ಅದೊಂದೇ.

ದಿನವಿಡೀ ಬಿಸಿನೀರಲ್ಲಿ ಬೆರಳದ್ದಿ ಎಳೆ ಹುಡುಕುವವಳು
ರಾತ್ರಿ, ಬೆಳ್ಳಗೆ ಸುಕ್ಕಾದ ಅದೇ ಬೆರಳಲ್ಲಿ
ಹಡಗು ಕಡಲಿಗಿಳಿಸುವ ವಿಡಿಯೋ ನೋಡುತ್ತಾಳೆ.
ಬೇರೇನೂ ಅಲ್ಲ. ಹೊಸ ಹಡಗು ಅಡ್ಡಡ್ಡ ಜಾರಿ,
ನೀರಿಗೆ ಬಿದ್ದು, ವಾಲಿ,
ಇನ್ನೇನು ಮುಳುಗಿತು ಅನ್ನುವಾಗ ನೆಟ್ಟಗಾಗುವುದು.
ಯಾಕೆ ಅದನ್ನೇ, ಎಂದು ಒಮ್ಮೆ ಕೇಳಿದ್ದೆ.
"ಆ ನೀರು ತಣ್ಣಗಿರ್ತದಲ್ಲಾ" ಅಂದಳು.

ಹಡಗು ವಾಲಿದಾಗಲೇ ಕಡಿಯುತ್ತದೆ ನೆಟ್ಟು.
ಗೋಡೆಯಾಚೆ ಒಂದು "ಯಾ ಅಲ್ಲಾ".
ಕೆಂಪು ದೀಪ ನೋಡುವ ಮೊದಲೇ ನನಗೆ ತಿಳಿಯುತ್ತದೆ.

ಲೋಹಿತನಿಗೆ ಇದೆಲ್ಲ ಹೇಳಲಿಲ್ಲ.
"ಎತ್ತು ಗಟ್ಟಿ ಇರೋದು ಕೊಡಿ" ಅಂದೆ.
ಆತ ಮುಖ ಸಪ್ಪಗೆ ಮಾಡಿ ಕೆಳಗಿನ ಅರೆಯಿಂದ ತೆಗೆದ,
ಧೂಳು ಊದಿ, ಇನ್ನೂರು ರೂಪಾಯಿ ಬಿಟ್ಟ.
ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ,
ಪಕ್ಕದಾಕೆ ಸ್ವೀಟಾ ಎಂದು ಕೇಳಿದಳು.

ಬೀರುವಿನ ಮೇಲಿಂದ ಇಳಿಸಿ ಗೋಡೆಯ ಗೂಡಿಗೇ ಇಟ್ಟಿದ್ದೇನೆ,
ದೀಪ ಹಚ್ಚುತ್ತಿದ್ದ ಗೂಡು, ಅತ್ತೆಯ ಕಾಲದ ಮಸಿ ಹೋಗಿಲ್ಲ.
ಹಸಿರು, ಹಸಿರು, ಹಸಿರು, ಇನ್ನೊಂದು ಮಿಣುಕುತ್ತಿದೆ.
ಇಪ್ಪತ್ತಕ್ಕೆ ಇನ್ನೂ ನಾಲ್ಕು ದಿನ. ಇವತ್ತು ನನಗೇನೂ ಕೆಲಸವಿಲ್ಲ.
ಗೋಡೆಗೆ ಕಿವಿಯಿಟ್ಟು ಕೂತಿದ್ದೇನೆ.
ಹಡಗು ಜಾರುತ್ತಿರಬೇಕು ಈಗ.