ವ್ಯಾಪ್ತಿ ಪ್ರದೇಶದ ಹೊರಗೆ

ಗುರುವಾರ. ಬ್ಯಾಡಗಿ ಮಾರ್ಕೆಟ್ಟಿನ್ಯಾಗ
ಸೀನದವರು ಯಾರೂ ಇಲ್ಲ.
ನನ್ನ ಅಂಗಡಿ ಗಾಜಿನ ಮ್ಯಾಲೂ ಕೆಂಪು ಧೂಳು,
ಬಿಚ್ಚಿಟ್ಟ ಫೋನಿನ ಹೊಟ್ಟಿಯೊಳಗೂ.

ಹನ್ನೊಂದರ ಸುಮಾರು
ಎಲ್ಲಾರ ಫೋನಿನ್ಯಾಗ ನಾಲ್ಕೂ ಗೆರಿ ತುಂಬಿ ನಿಂತವು.
ಇಲ್ಲಿ ಎಂದೂ ತುಂಬಿದ್ದಿಲ್ಲ.
ಪಕ್ಕದಾಗ 4ಜಿ ಅಳಿಸಿ 2ಜಿ ಬಂದಿತ್ತು;
ಅದನ್ನ ಯಾರು ನೋಡತಾರ, ಲಾಟಿನ ರೇಟು ಕಾಯೂ ಹೊತ್ತಿನ್ಯಾಗ?
ಆಮ್ಯಾಲೆ ಒಂದ ಸವನ ಟಣ್, ಟಣ್, ಟಣ್:
"ನಿಮ್ಮ ಮೆಣಸಿನಕಾಯಿ ಹಣ ತಡೆಹಿಡಿಯಲಾಗಿದೆ. ಇಲ್ಲಿ ಒತ್ತಿರಿ."
ಕಳಿಸಿದವರ ಹೆಸರು, ಬ್ಯಾಂಕಿಂದ.

ಗೇಟಿನ ಹೊರಗ, ಕಬ್ಬಿನಹಾಲಿನ ಗಾಡಿ ಹಿಂದ,
ಗಾಜಿಗೆ ಕರೇ ಹಾಳಿ ಅಂಟಿಸಿದ ಬಿಳೇ ಓಮ್ನಿ.
ಇಂಜಿನ್ ಬಂದ್ ಮಾಡಿರಲಿಲ್ಲ.
ಅದರೊಳಗ ಒಂದು ಪೆಟ್ಟಿಗಿ,
ತಾನ ಟವರ್ ಅನ್ನೂದು.

ಹಜರತ್‌ಸಾಬ ಎಂಟು ಸಾವಿರ ಕಳಕೊಂಡ.
ಅಂವಗ ತಿಳಿಸಿ ಹೇಳೂದರಾಗ ಮಧ್ಯಾಹ್ನ ಮುಗೀತು:
ಫೋನ್ ದಡ್ಡ ಅಲ್ಲ ಕಾಕಾ, ಹೇಳಿದ್ದು ಕೇಳೂ ಕೂಸು.
ಗಟ್ಟಿ ದನಿಲೆ ಕರದವರ ಹಿಂದ ಹೋಗತೈತಿ.
ಹಳೇ ಪದ್ಧತಿಯೊಳಗ
ನೀ ಯಾರು ಅಂತ ಟವರ್ ಕೇಳತೈತಿ, ಫೋನ್ ಹೇಳತೈತಿ.
ನೀ ಯಾರಪಾ ಅಂತ ತಿರುಗಿ ಕೇಳೂ ರಿವಾಜಿಲ್ಲ.

ಸಂಜಿತನಕಾ ಬಂದವರ ಫೋನಿನ್ಯಾಗೆಲ್ಲಾ
ಸೆಟ್ಟಿಂಗಿನ ಒಳಮನಿಗೆ ಹೋಗಿ
2ಜಿ ಬಾಗಲಾ ಹಾಕಿದೆ.
ಇಪ್ಪತ್ತಾರು ಫೋನು. ಒಬ್ಬಾಂವ ಒಂದು ಹಿಡಿ ಡಬ್ಬಿ ಕಾಯಿ ಇಟ್ಟು ಹೋದ.

ಕಡೀಕ ಬಂದಾಕಿ ಗುತ್ತೆವ್ವ.
ತೊಟ್ಟು ಬಿಡಿಸಿ ಬಿಡಿಸಿ ಉರಿಯೂ ಬೆರಳು,
ರಬ್ಬರ್ ಬ್ಯಾಂಡ್ ಹಾಕಿದ ಗುಂಡಿ ಫೋನು.
"ನನ್ನದೂ ಬಾಗಲಾ ಹಾಕೋ ತಮ್ಮಾ."

ಅದಕ್ಕ ಇರೂದ ಒಂದು ಬಾಗಲಾ.
ಹಾಕಿದರ ಮನೀನ ಇಲ್ಲ.
ಹೇಳಲಿಕ್ಕೆ ಬಾಯಿ ಬರಲಿಲ್ಲ. ಸ್ಕ್ರೂಡ್ರೈವರ್ ಒರಸಿದೆ,
ಮತ್ತೊಮ್ಮೆ ಒರಸಿದೆ. ಆಮ್ಯಾಲೆ ಹೇಳಿದೆ.

ಅಕಿ ಫೋನ್ ತಿರುವಿ ನೋಡಿದಳು.
"ಗೇಟಿನ್ಯಾಗ ದಿನಾ ನನ್ನ ಚೀಟಿ ಕೇಳತಾರ.
ನೀ ಯಾರಪಾ ಅಂತ ನಾನೂ ಅವರನ್ನ ಕೇಳಿಲ್ಲ ಬಿಡು."

ಮುಂದಿನ ಗುರುವಾರ
ಯಾಕೋ ಮನಸು ತಡೀಲಿಲ್ಲ, ಅಕಿಗೆ ಹಚ್ಚಿದೆ.
"ನೀವು ಕರೆ ಮಾಡಿರುವ ಚಂದಾದಾರರು
ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ."
ಹೊರಗ ಬಂದು ನೋಡಿದರ ಎದುರಿನ ಕಟ್ಟಿ ಮ್ಯಾಲೆ ಕುಂತಾಳ,
ಬಾಯಿ ತುಂಬ ಎಲಿ.
ದಪ್ಪನ ಸ್ಟೀಲಿನ ಬುತ್ತಿ ಡಬ್ಬಿ ಮುಚ್ಚಳಾ ತಗದಳು:
ಎರಡು ಖಟಿ ರೊಟ್ಟಿ, ಶೇಂಗಾ ಚಟ್ನಿ,
ನಡುವ ಅರವಿಯೊಳಗ ಸುತ್ತಿದ ಫೋನು.

"ಓಮ್ನಿ ಹೋತೇನು ನೋಡು," ಅಂದಳು.