ಗಟಾರದ ಪಂಚಾಂಗ

ಸೋಮವಾರ ಹುನಗುಂದದಲ್ಲಿ ಎದುರಾಬದುರು,
ಉಳಿದ ದಿನ ರಾತ್ರಿ ಎಂಟಕ್ಕೆ ಮೊಬೈಲಿನೊಳಗೆ,
ಹೀಗೆ ಆರು ವಾರ ನಮಗೆ ತರಬೇತಿ.
ಪರದೆಯ ಹುಡುಗಿ ಅಂದಳು: "ಸುಸ್ಥಿರತೆ ಕಲಿಸೋಕೆ
ನಿಮ್ಮ ಓಣಿಯಿಂದಲೇ ಒಂದು ಯೋಜನೆ ಹುಡುಕಿ, ಮೇಡಂ,
ಯಾಕಂದರೆ..."
ಅಷ್ಟಕ್ಕೆ ನೆಟ್‌ವರ್ಕ್ ಹೋಯಿತು.
ಬಾಯಿ ತೆರೆದೇ ನಿಂತಳು ಪಾಪ,
ಯಾಕಂದರೆ ಏನು ಅಂತ ನನಗೆ ತಿಳಿಯಲೇ ಇಲ್ಲ.

ಮೂವತ್ತೊಂದು ವರ್ಷ ಕಲಿಸಿದವಳು.
ಪರಿಸರ ಅಂದರೆ ಬೋರ್ಡಿಗೆ ಒಂದು ಗಿಡ ಬಿಡಿಸಿ
ಹಸಿರು ಸೀಮೆಸುಣ್ಣ ತೀರುವ ತನಕ
ಎಲೆ ತುಂಬುವುದು.

ಗೂಡೂರಿನ ಚಂದಾಲಿಂಗ ಮಾಸ್ತರು, ಉರ್ದು ಶಾಲೆಯ ನಸ್ರೀನಬಾನು, ನಾನು
ಮೂವರೂ ಇಳಕಲ್ಲಿನ ಓಣಿ ತಿರುಗಿದೆವು.
ಮನೆಯೊಳಗೆ ಮಗ್ಗದ ಖಟಪಟ,
ಮನೆ ಮುಂದೆ ಗಟಾರ,
ಗಟಾರದಲ್ಲಿ ಬಣ್ಣ.

ಆರನೇ ಇಯತ್ತೆಯ ಮಕ್ಕಳು ಗೆರೆ ಎಳೆದು ಪಂಚಾಂಗ ಬರೆದರು:
ಸೋಮವಾರ ದಾಳಿಂಬ ಕೆಂಪು.
ಮಂಗಳವಾರ ಗಿಳಿ ಹಸಿರು.
ಬುಧವಾರ ಎರಡೂ ಕೂಡಿ ಹೆಸರಿಲ್ಲದ್ದು.
ಗುರುವಾರ ಬರೇ ನೊರೆ, ಒಂದು ಚಪ್ಪಲಿ.
ಗ್ಲಾಸಿನಲ್ಲಿ ಮೊಗೆದು ಬಿಸಿಲಿಗೆ ಹಿಡಿದು
ಆಚೆ ಕಡೆ ಬೆರಳು ಕಂಡೀತೋ ಇಲ್ಲೋ ನೋಡಿದರು.

ಮುರಿಗೆವ್ವ ಒಬ್ಬಳೇ ಗ್ಲಾಸು ಮುಟ್ಟಲಿಲ್ಲ.
ಅಪ್ಪನ ಉಗುರು ನೋಡಿ ವಾರ ಹೇಳುವ ಹುಡುಗಿ.
"ಟೀಚರ, ಹಂಗಾರ ನಮ್ಮಪ್ಪಂದಽ ತಪ್ಪೇನ್ರಿ?"

ಪಾಠಯೋಜನೆಗೆ ಎಂಟು ಕಾಲಂ.
ಉದ್ದೇಶ, ಸಾಮಗ್ರಿ, ಚಟುವಟಿಕೆ, ಕಲಿಕಾಫಲ...
ಆ ಮಾತು ಯಾವುದರೊಳಗೂ ಕೂಡಲಿಲ್ಲ.
'ನೀರು ಕೆಡಿಸುವವರು ಯಾರು?' ಎಂದು ಬರೆದಿದ್ದ ಚಾರ್ಟು
ಸುರುಳಿ ಸುತ್ತಿ ಕಪಾಟಿನ ಹಿಂದೆ ನೂಕಿದೆ.

ಅಪ್ಪನನ್ನೇ ಕರೆಸಿದೆವು.
ಕೂಡ್ರಿ ಅಂದರೂ ಬಾಗಿಲಲ್ಲೇ ನಿಂತ, ಕೈ ಬೆನ್ನ ಹಿಂದೆ.
ಆಮೇಲೆ ಮೂರು ಬಕೀಟು ಕೇಳಿದ.
"ಕಡೀ ತೊಳೆತದ ನೀರು ಚೆಲ್ಲಂಗಿಲ್ರಿ,
ನಾಳಿನ ಮೊದಲ ತೊಳೆತಕ್ಕ ಅದಽ ಆಗ್ತೈತಿ.
ನಮ್ಮವ್ವ ಕಲಿಸಿದ್ದು.
ಮೊದಲ ನೀರಿಗಿ ಮಾತ್ರ ದಾರಿ ತಿಳಿವಲ್ದು.
ನಿಮಗ ಗೊತ್ತೇನ್ರಿ?"

ಚಂದಾಲಿಂಗ ಮಾಸ್ತರು ಮೊಬೈಲು ನೋಡಿದರು.
ನಸ್ರೀನ ಮಕ್ಕಳನ್ನು ನೋಡಿದಳು.
ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ:
ಗೊತ್ತಿಲ್ಲ.
ಮೂವತ್ತೊಂದು ವರ್ಷದಲ್ಲಿ ಮೊದಲ ಸಲ;
ಅಕ್ಷರ ಸ್ವಲ್ಪ ಸೊಟ್ಟ ಬಂದವು.

ನಮ್ಮ ಸೀರೆಯಲ್ಲಿ ಒಡಲು ಬೇರೆ, ಸೆರಗು ಬೇರೆ.
ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ಮುದುಕಿಯನ್ನು
ಎಷ್ಟಾದವು ಅಂತ ಕೇಳಬಾರದು,
ಲೆಕ್ಕ ತಪ್ಪಿದರೆ ಬೈಯುತ್ತಾಳೆ.

ಕಡೆಯ ರಾತ್ರಿ ಹನ್ನೊಂದೂ ಐವತ್ತಕ್ಕೆ ಫೈಲು ಏರಿತು.
ಪರದೆಯ ಹುಡುಗಿ ಕೇಳಿದಳು:
"ಮೇಡಂ, ಮೌಲ್ಯಮಾಪನ ಖಾಲಿ ಇದೆಯಲ್ಲ?"
"ಖಾಲಿ ಅಲ್ಲವ್ವಾ, ಬಾಕಿ."
ಅವಳು ನಕ್ಕಳೋ, ನೆಟ್‌ವರ್ಕ್ ನಡುಗಿತೋ.

ಬೆಳಿಗ್ಗೆ ಗಟಾರದಲ್ಲಿ
ಪಂಚಾಂಗದಲ್ಲಿಲ್ಲದ ಒಂದು ನೇರಳೆ.
ಪ್ರಾರ್ಥನೆಯ ಗಂಟೆ ಬಿಟ್ಟು
ಹೆಸರಿಡಲು ಓಡುತ್ತಿದ್ದಾರೆ ಮಕ್ಕಳು,
ಎಲ್ಲರಿಗಿಂತ ಮುಂದೆ ಮುರಿಗೆವ್ವ,
ಕೈಯಲ್ಲಿ ಗ್ಲಾಸು.